ವಿದ್ಯೆಯ ಋಣ: ವಿಶ್ವೇಶ್ವರಯ್ಯನವರ ಬಾಳಿನ ಒಂದು ಲೆಕ್ಕ

ಮನುಷ್ಯನು ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ: ದೇವಋಣ, ಪಿತೃಋಣ, ಋಷಿಋಣ. ಇವುಗಳಲ್ಲಿ ಋಷಿಋಣವೆಂಬುದೇ ವಿದ್ಯೆಯ ಋಣ. ಅದು ಓದುವುದರಿಂದಲೂ ಓದಿಸುವುದರಿಂದಲೂ ತೀರತಕ್ಕದ್ದು. ಅದಕ್ಕೆ ಬಡ್ಡಿಯಿಲ್ಲ, ಕಂತಿಲ್ಲ, ಜಾಮೀನು ಬೇಕಿಲ್ಲ. ಕನ್ನಡದ ಅಧ್ಯಾಪಕನಾದ ನಾನು ಈ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ವಿವರಿಸಿ, ಮಕ್ಕಳು ತಲೆದೂಗುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ಕಳೆದ ಬೇಸಗೆಯಲ್ಲಿ ಈ ಮಾತಿನ ಮತ್ತೊಂದು ಮುಖ ನನ್ನೆದುರಿಗೆ ಬಂದು ನಿಂತಿತು.

ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು, ರಾಯಚೂರಿನ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ನಮ್ಮ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಕಡೆ ಎಂಜಿನಿಯರಿಂಗ್ ಸೀಟು ದೊರಕಿತ್ತು. ಶುಲ್ಕಕ್ಕೂ ಊಟ ವಸತಿಗೂ ಬ್ಯಾಂಕಿನ ಸಾಲವೇ ಗತಿ. ಸಾಲದ ಕಾಗದಕ್ಕೆ ಮಗಳ ಸಹಿಯ ಜೊತೆಗೆ ತಂದೆಯ ಸಹಿಯೂ ಬೇಕು. ತಂದೆ ಹತ್ತಿ ಬೆಳೆಯುವ ರೈತ. ಬೆಳೆಸಾಲದ ಬಾಕಿ ಆಗಲೇ ತಲೆಯ ಮೇಲಿದ್ದುದರಿಂದ ಅವರು ಸಹಿ ಹಾಕಲು ಒಪ್ಪಿರಲಿಲ್ಲ. ಮಗಳು ಅವರನ್ನು ನನ್ನಲ್ಲಿಗೆ ಕರೆತಂದಳು. ಮೇಷ್ಟ್ರು ಹೇಳಿದರೆ ಅಪ್ಪ ಕೇಳಬಹುದೆಂಬುದು ಅವಳ ಆಸೆ. ನನ್ನ ಕೊಠಡಿಯ ಗೋಡೆಯ ಮೇಲೆ ಮೈಸೂರು ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಪಟವೊಂದಿದೆ. ಮಾತು ತೋಚದೆ ಅದನ್ನು ತೋರಿಸಿ, ಅವರೂ ತಂದೆಯಿಲ್ಲದ ಬಡ ಹುಡುಗನೇ ಆಗಿದ್ದರೆಂದೂ ಪರರ ಹಣದಿಂದಲೇ ಓದಿದರೆಂದೂ ಹೇಳಿಬಿಟ್ಟೆ. ಹೇಳಿದ ಮೇಲೆ ಕಥೆಯನ್ನು ಪೂರ್ತಿ ಮಾಡಲೇಬೇಕಾಯಿತು. ಅಂದು ಹೇಳಿದುದನ್ನೂ, ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದುದನ್ನೂ ಓದುಗರ ಮುಂದೆ ಇಡುತ್ತಿದ್ದೇನೆ.

ವಿಶ್ವೇಶ್ವರಯ್ಯನವರು ಹುಟ್ಟಿದುದು 1861ರ ಸೆಪ್ಟೆಂಬರ್ 15ರಂದು, ಅಂದಿನ ಕೋಲಾರ ಸೀಮೆಗೆ ಸೇರಿದ್ದ, ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಮುದ್ದೇನಹಳ್ಳಿಯಲ್ಲಿ. ಮನೆತನದ ಹಿರಿಯರು ಆಂಧ್ರದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದುದರಿಂದ ಆ ಊರು ಅವರ ಹೆಸರಿನ ಮೊದಲ ಅಕ್ಷರವಾಗಿ ಉಳಿಯಿತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮನೆಯಲ್ಲಿ ಪಾಂಡಿತ್ಯವಿತ್ತು, ಸಂಪತ್ತಿರಲಿಲ್ಲ. ಹುಡುಗನ ಶಾಲೆಯ ದಿನಗಳು ಮುಗಿಯುವ ಮುನ್ನವೇ ತಂದೆ ತೀರಿಕೊಂಡರು. ತಾಯಿ ಎದೆಗುಂದಲಿಲ್ಲ. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಮಗನ ಓದು ಮುಂದುವರಿಯಿತು. ಅಲ್ಲಿಂದ ಬೆಂಗಳೂರಿಗೆ, ಸೋದರಮಾವ ರಾಮಯ್ಯನವರ ಆಶ್ರಯಕ್ಕೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಕೊಡಗಿನವರಾದ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದಿನ ಖರ್ಚನ್ನು ಸರಿದೂಗಿಸಿಕೊಳ್ಳುತ್ತಿದ್ದರು. ಊಟ ಒಂದು ಕಡೆ, ಪಾಠ ಹೇಳುವುದು ಇನ್ನೊಂದು ಕಡೆ, ಕಾಲೇಜು ಮತ್ತೊಂದು ಕಡೆ. ಇವುಗಳ ನಡುವಣ ದಾರಿಯೆಲ್ಲವೂ ಕಾಲ್ನಡಿಗೆ. ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಎಂಬ ಆಂಗ್ಲರು ಗಣಿತದಲ್ಲಿ ಈ ಹುಡುಗನಿಗಿದ್ದ ಶಕ್ತಿಯನ್ನು ಗುರುತಿಸಿ ವಿಶೇಷ ಪ್ರೀತಿಯಿಂದ ಕಂಡರು. ಹೀಗೆ ಸೋದರಮಾವನ ಅನ್ನ, ಮನೆಪಾಠದ ಸಂಬಳ, ಗುರುವಿನ ವಾತ್ಸಲ್ಯ ಈ ಮೂರರಿಂದ ಬಿ.ಎ. ಪದವಿ ದೊರಕಿತು. ಆ ಪದವಿಯನ್ನು ಕೊಟ್ಟುದು ಮದರಾಸು ವಿಶ್ವವಿದ್ಯಾನಿಲಯ. ಮೈಸೂರಿಗೆ ತನ್ನದೇ ಆದ ವಿಶ್ವವಿದ್ಯಾನಿಲಯ ಅಂದು ಇರಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪದವಿಯ ಮುಂದಿನ ದಾರಿ ಮುಚ್ಚಿದಂತೆಯೇ ಇದ್ದಿತು. ಎಂಜಿನಿಯರಿಂಗ್ ಕಲಿಯಲು ಪುಣೆಗೆ ಹೋಗಬೇಕು. ಅದಕ್ಕೆ ಬೇಕಾದ ಹಣ ಆ ಮನೆಯಲ್ಲಿ ಇರಲಿಲ್ಲ. ಆಗ ಕೈಹಿಡಿದುದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಆ ಕಾಲ ಎಂಥದೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. 1876ರಿಂದ 1878ರವರೆಗಿನ ಮಹಾಕ್ಷಾಮವು ಮೈಸೂರು ಸೀಮೆಯನ್ನು ಹಿಂಡಿ ಹಾಕಿತ್ತು. 1881ರ ಮಾರ್ಚಿಯಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದಾಗ, ರಾಜ್ಯದ ಜೊತೆಗೆ ಕ್ಷಾಮಕಾಲದ ಎಂಬತ್ತು ಲಕ್ಷ ರೂಪಾಯಿಗಳ ಸಾಲವನ್ನೂ ಮರಳಿಸಿದ್ದರು. ದಿವಾನರಾದ ರಂಗಾಚಾರ್ಲು ಅವರು ಖರ್ಚನ್ನು ಎಲ್ಲೆಲ್ಲಿ ತಗ್ಗಿಸಬಹುದೆಂದು ಹುಡುಕುತ್ತಿದ್ದ ಕಾಲ ಅದು. ತಾನೇ ಸಾಲದಲ್ಲಿ ಮುಳುಗಿದ್ದ ಸರ್ಕಾರ ತಂದೆಯಿಲ್ಲದ ಹುಡುಗನೊಬ್ಬನನ್ನು ಪುಣೆಗೆ ಕಳುಹಿಸಿ ಓದಿಸಿತು. ಕೊಡುವವರಿಗೆ ಇದ್ದಾಗ ಕೊಡುವುದು ದಾನ. ಇಲ್ಲದಾಗಲೂ ಕೊಡುವುದು ನಾಳೆಯ ಮೇಲಿನ ನಂಬಿಕೆ. ಮೈಸೂರು ಅಂದು ಮಾಡಿದುದು ಈ ಎರಡನೆಯದನ್ನು.

ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಓದಿದ ಅವರು 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗರಾದರು. ಮೊದಲಿಗರಾದವರಿಗೆ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಕಾದಿರುತ್ತಿತ್ತು. 1884ರಲ್ಲಿ ಅವರು ಅಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರಿದರು. ಇಲ್ಲೊಂದು ವಿಚಾರ ಬರುತ್ತದೆ. ಓದಿಸಿದುದು ಮೈಸೂರು, ಫಲ ಉಂಡುದು ಮುಂಬಯಿ. ಇಂದಿನ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಮೈಸೂರು ಸರ್ಕಾರ ಹಾಕಿದ ಬಂಡವಾಳ ಮುಳುಗಿತೆಂದೇ ಬರೆಯಬೇಕು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಇಪ್ಪತ್ತೈದು ವರ್ಷಗಳ ಕಾಲ ಆ ಲೆಕ್ಕದ ಜಮೆಯ ಅಂಕಣ ಬರಿದಾಗಿಯೇ ಇದ್ದಿತು.

ಆ ವರ್ಷಗಳಲ್ಲಿ ಅವರು ಸುಮ್ಮನಿರಲಿಲ್ಲ. ನಾಸಿಕ, ಖಾನದೇಶ, ಸೂರತ್, ಪುಣೆಗಳಲ್ಲಿ ದುಡಿದರು. ಸಿಂಧೂನದಿಯ ದಡದ ಸಕ್ಕರ್ ಪಟ್ಟಣಕ್ಕೆ ಶುದ್ಧವಾದ ಕುಡಿಯುವ ನೀರನ್ನು ಒದಗಿಸಿದರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ, ನೆರೆ ಬಂದಾಗ ತಾವಾಗಿಯೇ ತೆರೆದು ಇಳಿದಾಗ ತಾವಾಗಿಯೇ ಮುಚ್ಚುವ ಬಾಗಿಲುಗಳನ್ನು ರೂಪಿಸಿ 1903ರಲ್ಲಿ ಅಳವಡಿಸಿದರು. ಕಾಲುವೆಯ ನೀರು ಮೇಲ್ಗಡೆಯ ಬಲಶಾಲಿಗೆ ಹೆಚ್ಚು, ಕೆಳಗಡೆಯ ಬಡವನಿಗೆ ಕಡಮೆ ಆಗದಂತೆ, ಹೊಲಗಳನ್ನು ಗುಂಪುಗಳಾಗಿ ವಿಂಗಡಿಸಿ ಸರದಿಯ ಮೇಲೆ ಹಂಚುವ ಕ್ರಮವನ್ನು ತಂದರು. ನಾರಾಯಣಪುರದ ಬಲದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ದೇವದುರ್ಗದ ರೈತನಿಗಾಗಲಿ, ತುಂಗಭದ್ರೆಯ ಎಡದಂಡೆಯ ಕೊನೆಯಲ್ಲಿರುವ ಮಾನ್ವಿಯ ರೈತನಿಗಾಗಲಿ ಈ ಕ್ರಮದ ಬೆಲೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ದಿನ ನನ್ನ ಕೊಠಡಿಯಲ್ಲಿ ಕುಳಿತಿದ್ದ ತಂದೆ ಮೊದಲ ಸಲ ತಲೆಯೆತ್ತಿ ಪಟವನ್ನು ನೋಡಿದುದು ಈ ಮಾತು ಬಂದಾಗಲೇ.

1908ರಲ್ಲಿ ಅವರು ಮುಂಬಯಿ ಸೇವೆಯಿಂದ ಬಿಡುಗಡೆ ಪಡೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದು ನಗರವನ್ನು ನುಂಗಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮರ ಸರ್ಕಾರ ಅವರನ್ನು ಬರಮಾಡಿಕೊಂಡಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದು, ನಗರದ ಮೇಲ್ಗಡೆ ಎರಡು ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಯುವ ಯೋಜನೆಯನ್ನು ಸಿದ್ಧಪಡಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಯೋಜನೆಯ ಫಲ. ರಾಯಚೂರು ಅಂದು ನಿಜಾಮರ ಸೀಮೆಗೆ ಸೇರಿದ್ದುದರಿಂದ, ಮೈಸೂರಿನ ಹಣದಿಂದ ಕಲಿತ ವಿದ್ಯೆಯ ಒಂದು ಪಾಲು ನಮ್ಮ ಹಳೆಯ ರಾಜಧಾನಿಗೂ ಸಂದಿತೆಂದು ನಾವು ಹೇಳಿಕೊಳ್ಳಬಹುದು.

ಆ ವರ್ಷದ ಕೊನೆಗೆ ಮೈಸೂರಿನಿಂದ ಕರೆ ಬಂದಿತು. ಮುಖ್ಯ ಎಂಜಿನಿಯರ್ ಆಗಿ ಬರಬೇಕೆಂಬ ಆಹ್ವಾನಕ್ಕೆ ಅವರು ಒಡನೆಯೇ ಒಪ್ಪಲಿಲ್ಲ. ಪದವಿಗಾಗಿ ಬರುವ ಆಸೆ ತಮಗಿಲ್ಲವೆಂದೂ, ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗೂ ತಮ್ಮಿಂದ ಸೇವೆ ಸಲ್ಲುವ ಅವಕಾಶವಿದ್ದರೆ ಮಾತ್ರ ಬರುವೆನೆಂದೂ ತಿಳಿಸಿದರು. ಆ ಭರವಸೆ ದೊರೆತ ಮೇಲೆ 1909ರ ನವೆಂಬರಿನಲ್ಲಿ ಮೈಸೂರಿಗೆ ಬಂದರು. ಗಮನಿಸಬೇಕಾದ ಮಾತಿದು: ಇಪ್ಪತ್ತೈದು ವರ್ಷಗಳ ಬಳಿಕ ಋಣ ತೀರಿಸಲು ಬಂದವರು ತಂದ ಮೊದಲ ಷರತ್ತೇ ಮತ್ತೊಬ್ಬರ ವಿದ್ಯೆ. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಆ ಕಥೆ ಸಕ್ಕರೆಯ ಸೀಮೆಯ ಮಕ್ಕಳಿಗೂ ಗೊತ್ತು. 1912ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು.

ದಿವಾನಗಿರಿಯ ಆರು ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳ ಪಟ್ಟಿ ಉದ್ದವಾದುದು. ನಮ್ಮ ವಿಷಯಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ಬಂದಿತು. ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳೂ ಅವುಗಳಲ್ಲಿ ಓದುವ ಮಕ್ಕಳೂ ಮೊದಲಿದ್ದುದರ ಎರಡು ಪಟ್ಟಿಗೂ ಮಿಕ್ಕಿ ಬೆಳೆದರು. ಹೆಬ್ಬಾಳದಲ್ಲಿ ವ್ಯವಸಾಯದ ಶಾಲೆ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ತಾವು ಎಂಜಿನಿಯರಿಂಗ್ ಕಲಿಯಲು ಸೀಮೆಯನ್ನೇ ಬಿಟ್ಟು ಹೋಗಬೇಕಾಗಿತ್ತೆಂಬುದನ್ನು ಅವರು ಮರೆತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದೇ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗಿ ಹೋಯಿತು. ಆದರೆ ನಾಡಿನ ಉಳಿತಾಯವನ್ನು ನಾಡಿನ ದುಡಿಮೆಗೆ ಹಚ್ಚಬೇಕೆಂಬ ಅದರ ಮೂಲದ ಆಶಯ ಮರೆಯತಕ್ಕದ್ದಲ್ಲ.

ಇವೆಲ್ಲಕ್ಕೂ ಕಿರೀಟಪ್ರಾಯವಾದುದು ಮೈಸೂರು ವಿಶ್ವವಿದ್ಯಾನಿಲಯ. ದೇಶೀಯ ಸಂಸ್ಥಾನವೊಂದರಲ್ಲಿ ವಿಶ್ವವಿದ್ಯಾನಿಲಯವೆಂಬುದು ಅದುವರೆಗೆ ಇರಲಿಲ್ಲ. ಸಣ್ಣ ಸಂಸ್ಥಾನಕ್ಕೆ ಇಷ್ಟು ದೊಡ್ಡ ಖರ್ಚು ತರವೇ ಎಂಬ ಶಂಕೆ ಸಹಜವಾದುದೇ. ವಿಶ್ವೇಶ್ವರಯ್ಯನವರು ಶಿಕ್ಷಣವನ್ನು ಖರ್ಚಿನ ಬಾಬ್ತಾಗಿ ಎಣಿಸಿದವರಲ್ಲ. ಕೆರೆ ಕಟ್ಟೆಗೆ ಹಾಕಿದ ಹಣದಂತೆ ಅದೂ ಬೆಳೆಯಾಗಿ ಮರಳುವ ಹಣವೆಂದೇ ಅವರ ನಿಶ್ಚಯ. ಮಹಾರಾಜರ ಬೆಂಬಲದಿಂದ 1916ರ ಜುಲೈ ತಿಂಗಳಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಂಬಗಳಾದವು. ಹಿಂದೆ ಕಾಲ್ನಡಿಗೆಯಿಂದ ಬಂದು ಮದರಾಸಿನ ಪದವಿಗಾಗಿ ಓದಿದ ಹುಡುಗ, ಅದೇ ಕಾಲೇಜಿನ ಮಕ್ಕಳಿಗೆ ನಾಡಿನದೇ ಪದವಿಯನ್ನು ದೊರಕಿಸಿಕೊಟ್ಟರು.

ಇಲ್ಲಿ ನಾನು, ರಾಯಚೂರು ಸೀಮೆಯವನು, ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ಎರಡು ವರ್ಷಗಳಿಗೆ, 1918ರಲ್ಲಿ, ನಮ್ಮ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಹುಟ್ಟಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಟ್ಟ ಆ ಸಾಹಸ ಸಾಮಾನ್ಯವಾದುದಲ್ಲ. ಆದರೆ ಆ ಭಾಷೆ ಉರ್ದು. ದೇವದುರ್ಗದ, ಮಾನ್ವಿಯ ಕನ್ನಡದ ಹುಡುಗನಿಗೆ ಪದವಿಯ ಬಾಗಿಲು ತೆರೆಯುವ ಮುನ್ನ ಭಾಷೆಯ ಬಾಗಿಲೊಂದು ಅಡ್ಡ ಬರುತ್ತಿತ್ತು. ಪಂಡಿತ ತಾರಾನಾಥರಂಥವರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿ ದೀಪ ಹಚ್ಚಿದರು. ಆದರೆ ಶಾಲೆಯನ್ನು ಕಟ್ಟುವುದು ಒಬ್ಬ ಮಹನೀಯನಿಂದ ಆಗಬಹುದು. ವಿಶ್ವವಿದ್ಯಾನಿಲಯ ಸರ್ಕಾರದಿಂದಲೇ ಆಗಬೇಕು. ಗುಲ್ಬರ್ಗಾ ವಿಶ್ವವಿದ್ಯಾನಿಲಯ ಬಂದುದು 1980ರಲ್ಲಿ. ರಾಯಚೂರಿಗೆ ತನ್ನದೇ ವಿಶ್ವವಿದ್ಯಾನಿಲಯ ದೊರೆಯಲು ತೀರ ಈಚಿನ ವರ್ಷಗಳವರೆಗೆ ಕಾಯಬೇಕಾಯಿತು. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ನಿಂತಿತು. ಒಂದು ಸರ್ಕಾರ ವಿದ್ಯೆಗಾಗಿ ಸಕಾಲದಲ್ಲಿ ಸಾಲ ಮಾಡಿದುದಕ್ಕೂ ಮಾಡದೆ ಉಳಿದುದಕ್ಕೂ ಇರುವ ಅಂತರವನ್ನು ಮೂರು ತಲೆಮಾರುಗಳು ಅನುಭವಿಸಬೇಕಾಗುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ವಿಶ್ವೇಶ್ವರಯ್ಯನವರ ಬಾಳಿನಲ್ಲಿ ವಿವಾದಕ್ಕೆ ಎಡೆಯಾದ ಅಧ್ಯಾಯವನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಸರ್ಕಾರಿ ಹುದ್ದೆಗಳೆಲ್ಲ ಬಹುಮಟ್ಟಿಗೆ ಒಂದೇ ವರ್ಗದವರ ಪಾಲಾಗಿದ್ದುದರಿಂದ, ಹಿಂದುಳಿದವರಿಗೆ ಅವುಗಳಲ್ಲಿ ಪಾಲು ಮೀಸಲಿಡಬೇಕೆಂಬ ಕೂಗು ಎದ್ದಿತ್ತು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ಶಾಲೆಗಳನ್ನೂ ವಿದ್ಯಾರ್ಥಿವೇತನಗಳನ್ನೂ ಧಾರಾಳವಾಗಿ ಕೊಡಬೇಕು, ಹುದ್ದೆ ಮಾತ್ರ ಯೋಗ್ಯತೆಯಿಂದಲೇ ಬರಬೇಕು ಎಂಬುದು ಅವರ ನಿಲುವು. ಮಹಾರಾಜರು ಸಮಿತಿಯ ದಾರಿಯನ್ನೇ ಹಿಡಿದರು. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟುಕೊಟ್ಟರು. ಮುಂದೆ ಬಂದ ವರದಿ ಹುದ್ದೆಗಳಲ್ಲಿ ಪಾಲನ್ನೂ ಓದಿಗೆ ವಿಶೇಷ ನೆರವನ್ನೂ ಎರಡನ್ನೂ ಶಿಫಾರಸು ಮಾಡಿತು.

ಈ ವಿಷಯದಲ್ಲಿ ಅವರ ಬಗೆಗಿನ ಗೌರವಕ್ಕೆ ಕುಂದಿಲ್ಲದಂತೆ ನಾನು ಮಹಾರಾಜರ ಪಕ್ಷವನ್ನು ವಹಿಸುತ್ತೇನೆ. ತಂದೆಯಿಲ್ಲದ ಬಡ ಹುಡುಗನಾಗಿ ಮೇಲೆ ಬಂದವರು ತಮ್ಮ ದಾರಿಯೇ ಎಲ್ಲರ ದಾರಿಯೆಂದು ಭಾವಿಸುವುದು ಸ್ವಾಭಾವಿಕ. ಆದರೆ ಆ ಹುಡುಗನ ಬಡತನದಲ್ಲಿಯೂ ಮನೆಯೊಳಗೆ ಓದಿನ ಸಂಪತ್ತಿತ್ತು. ಬೆಂಗಳೂರಿನಲ್ಲಿ ಅನ್ನ ಹಾಕುವ ಸೋದರಮಾವನಿದ್ದನು. ಪಾಠ ಹೇಳಿಸಿಕೊಳ್ಳಲು ಕರೆಯುವ ಮನೆಗಳಿದ್ದವು. ಇವು ಯಾವುವೂ ಇಲ್ಲದವನಿಗೆ ವಿದ್ಯಾರ್ಥಿವೇತನವೊಂದೇ ಏಣಿಯಾಗಲಾರದು. ಏಣಿಯ ಬುಡವನ್ನು ಊರಲು ನೆಲವೂ ಬೇಕು. ಹಾಗೆಂದು ಅವರ ಮಾತಿನ ಅರ್ಧ ಸುಳ್ಳಾಗುವುದಿಲ್ಲ. ಓದಿಸದೆ ಹುದ್ದೆಯ ಪಾಲನ್ನು ಮಾತ್ರ ಹಂಚಿದರೆ ಆ ಪಾಲನ್ನು ಪಡೆಯುವವರೇ ಇರುವುದಿಲ್ಲವೆಂಬುದನ್ನು ನಮ್ಮ ಸೀಮೆ ಚೆನ್ನಾಗಿ ಬಲ್ಲದು.

ಅಧಿಕಾರ ಬಿಟ್ಟ ಮೇಲೆಯೂ ಅವರ ದುಡಿಮೆ ನಿಲ್ಲಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ತೊಳಲುತ್ತಿದ್ದಾಗ, 1923ರಲ್ಲಿ ಅದರ ಅಧ್ಯಕ್ಷತೆಯನ್ನು ವಹಿಸಿ 1929ರವರೆಗೆ ನಡೆಸಿ ಅದನ್ನು ನೆಲೆಗೆ ನಿಲ್ಲಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಒಂದೂವರೆ ಲಕ್ಷಕ್ಕೂ ಮಿಕ್ಕ ಹಣವನ್ನು ಅವರು ತೆಗೆದುಕೊಳ್ಳಲಿಲ್ಲ. ಹುಡುಗರು ಕೈಕಸಬುಗಳನ್ನು ಶಾಸ್ತ್ರೀಯವಾಗಿ ಕಲಿಯುವ ಸಂಸ್ಥೆಯೊಂದಕ್ಕೆ ಅದನ್ನು ಬಳಸಬೇಕೆಂದು ಸರ್ಕಾರಕ್ಕೇ ಬಿಟ್ಟರು. ಸಂಸ್ಥೆಗೆ ಅವರ ಹೆಸರಿಡುವ ಮಾತು ಬಂದಾಗ ಬೇಡವೆಂದು, ಮಹಾರಾಜರ ಹೆಸರನ್ನು ಸೂಚಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಿಕ್ಷಣ ಸಂಸ್ಥೆ 1943ರಲ್ಲಿ ಹೀಗೆ ಆರಂಭವಾಯಿತು. 1881ರ ಸುಮಾರಿಗೆ ಮೈಸೂರು ಬೊಕ್ಕಸದಿಂದ ಹೊರಟ ಒಂದು ಸಣ್ಣ ಮೊತ್ತ ಅರವತ್ತು ವರ್ಷಗಳ ಬಳಿಕ ಹೀಗೆ ನಾಡಿಗೆ ಮರಳಿ ಬಂದಿತು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1962ರ ಏಪ್ರಿಲ್ 14ರಂದು, ನೂರು ವರ್ಷಗಳ ತುಂಬು ಬಾಳನ್ನು ಮುಗಿಸಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಅವರ ಹೆಸರನ್ನೇ ಇಟ್ಟುದರಿಂದ, ರಾಯಚೂರಿನ ಹುಡುಗ ಹುಡುಗಿಯರ ಪದವಿಪತ್ರಗಳ ಮೇಲೂ ಇಂದು ಆ ಹೆಸರು ಅಚ್ಚಾಗುತ್ತಿದೆ.

ಈಗ ಲೆಕ್ಕವನ್ನು ಕೂಡಿಸೋಣ. ಈ ಮಹನೀಯರಿಗೆ ಮೈಸೂರು ಸರ್ಕಾರ ಕೊಟ್ಟುದು ಸಹಾಯಧನ, ಸಾಲವಲ್ಲ. ಆದರೂ ಅವರು ಅದನ್ನು ಸಾಲವೆಂಬಂತೆ ತೀರಿಸಿದರು. ಯಾವಾಗ? ತಮ್ಮಿಂದ ಸಾಧ್ಯವಾದಾಗ. ಎಷ್ಟು? ತಮ್ಮಿಂದ ಸಾಧ್ಯವಾದಷ್ಟು. ಯಾರಿಗೆ? ತಮ್ಮಂತೆಯೇ ಓದಲು ಬಂದ ಮುಂದಿನವರಿಗೆ. ವಿದ್ಯೆಯ ಸಾಲಕ್ಕೆ ಇರಬೇಕಾದ ಧರ್ಮ ಇದೇ ಎಂದು ನನಗೆ ತೋರುತ್ತದೆ. ಇದು ಬರಿಯ ಭಾವುಕತೆಯೆಂದು ಓದುಗರು ತಳ್ಳಿಹಾಕಬಾರದು. ವಿದ್ಯಾರ್ಥಿಗೆ ಕೊಡುವ ಹಣವನ್ನು ಅವನ ಮುಂದಿನ ಗಳಿಕೆಯಲ್ಲಿ ಒಂದು ಪಾಲಾಗಿ ಮರಳಿ ಪಡೆಯಬಹುದೆಂದು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಮಿಲ್ಟನ್ ಫ್ರೀಡ್‌ಮನ್ನರು 1955ರಲ್ಲಿಯೇ ಬರೆದರು. ಆಸ್ಟ್ರೇಲಿಯಾ ದೇಶ 1989ರಲ್ಲಿ ತನ್ನ ವಿಶ್ವವಿದ್ಯಾನಿಲಯಗಳ ಶುಲ್ಕವನ್ನು ಇಂಥ ಕ್ರಮಕ್ಕೆ ಅಳವಡಿಸಿತು: ಓದಿ ಹೊರಬಂದವನ ಆದಾಯ ಗೊತ್ತಾದ ಮಿತಿಯನ್ನು ಮುಟ್ಟುವವರೆಗೆ ಅವನನ್ನು ಕೇಳುವಂತಿಲ್ಲ, ಮುಟ್ಟಿದ ಮೇಲೆ ತೆರಿಗೆಯ ಜೊತೆಗೆ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳುವುದು. ಗಳಿಕೆ ಇಳಿದರೆ ಕಂತೂ ಇಳಿಯುತ್ತದೆ.

ನಮ್ಮ ದೇಶದಲ್ಲಿಯೂ ಈ ಧರ್ಮದ ಒಂದು ಎಳೆ ಇದ್ದಿತು. 1963ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವೆಂಬ ಯೋಜನೆಯನ್ನು ಆರಂಭಿಸಿತು. ಅದಕ್ಕೆ ಬಡ್ಡಿ ಇರಲಿಲ್ಲ. ಓದಿದವನು ಉಪಾಧ್ಯಾಯನಾದರೆ, ಅವನು ಪಾಠ ಹೇಳಿದ ಒಂದೊಂದು ವರ್ಷಕ್ಕೂ ಸಾಲದ ಹತ್ತರಲ್ಲಿ ಒಂದು ಪಾಲು ಮನ್ನಾ ಆಗುತ್ತಿತ್ತು. ಮಾನ್ವಿಯಲ್ಲಿ ನನಗೆ ಹಳಗನ್ನಡವನ್ನು ಮೊದಲು ತೋರಿಸಿಕೊಟ್ಟ ಗುರುಗಳು ಈ ಹಣದಿಂದ ಓದಿದವರು. ವರ್ಷಕ್ಕೊಮ್ಮೆ ತಮ್ಮ ಸಾಲ ಇಷ್ಟು ಇಳಿಯಿತೆಂದು ನಗುತ್ತಿದ್ದರಂತೆ. ಹತ್ತನೆಯ ವರ್ಷ ಮನೆಯಲ್ಲಿ ಹೋಳಿಗೆ ಮಾಡಿಸಿದರಂತೆ. ಋಷಿಋಣವನ್ನು ಸರ್ಕಾರದ ಕಡತದಲ್ಲಿ ಅಕ್ಷರಶಃ ತೀರಿಸಿದ ವ್ಯಕ್ತಿಯನ್ನು ನಾನು ಕಂಡುದು ಅವರೊಬ್ಬರನ್ನೇ. ಆ ಯೋಜನೆಯ ಸಾಲಗಳು ಸರಿಯಾಗಿ ವಸೂಲಾಗಲಿಲ್ಲವೆಂಬುದೂ ನಿಜ. ಗಳಿಸುತ್ತಿದ್ದವರೂ ಕೊಡದೆ ಉಳಿದರು. ಕೇಳಬೇಕಾದವರೂ ಕೇಳದೆ ಉಳಿದರು. ತಪ್ಪು ಧರ್ಮದ್ದಲ್ಲ, ಗಳಿಕೆಯನ್ನು ತಿಳಿಯುವ, ಅದರಿಂದ ಮುರಿದುಕೊಳ್ಳುವ ಏರ್ಪಾಡು ಇರಲಿಲ್ಲ.

2001ರಿಂದ ಈಚೆಗೆ ಬ್ಯಾಂಕುಗಳ ಶಿಕ್ಷಣ ಸಾಲ ನಾಡಿನಲ್ಲೆಲ್ಲ ಹರಡಿದೆ. ನಾಲ್ಕು ಲಕ್ಷದವರೆಗೆ ಆಸ್ತಿಯ ಒತ್ತೆ ಬೇಡವೆಂಬ ನಿಯಮವಿದೆ. 2009ರಿಂದ ಬಡ ಕುಟುಂಬಗಳ ಮಕ್ಕಳಿಗೆ ಓದಿನ ಕಾಲದ ಬಡ್ಡಿಯನ್ನು ಸರ್ಕಾರ ಭರಿಸುವ ಯೋಜನೆಯೂ ಬಂದಿತು. 2024ರಲ್ಲಿ ವಿದ್ಯಾಲಕ್ಷ್ಮಿಯ ಹೆಸರಿನಲ್ಲಿ ಇನ್ನಷ್ಟು ನೆರವು ಘೋಷಿತವಾಯಿತು. ಇವುಗಳಿಂದ ಉಪಕಾರವಾಗಿಲ್ಲವೆನ್ನುವುದು ಕೃತಘ್ನತೆ. ಆದರೆ ಓದು ಮುಗಿದು ಒಂದು ವರ್ಷ ಕಳೆಯಿತೆಂದರೆ ಕಂತು ಹೊರಡುತ್ತದೆ. ಕೆಲಸ ಸಿಕ್ಕಿತೇ, ಸಂಬಳವೆಷ್ಟು ಎಂದು ಕಂತು ಕೇಳುವುದಿಲ್ಲ. ಮೊದಲ ವರ್ಷವೇ ಕೈತುಂಬ ಗಳಿಸುವವನಿಗೂ, ಮೂರು ವರ್ಷ ಅಲೆದು ಹದಿನೈದು ಸಾವಿರದ ಕೆಲಸಕ್ಕೆ ಸೇರುವವಳಿಗೂ ಅದು ಒಂದೇ. ಕೊಡಲಾರದಾಗ ಕಾಗದ ಹೋಗುವುದು ಹಳ್ಳಿಯ ತಂದೆಗೆ. ಕಾಯುವ ಗುಣವಿಲ್ಲದ ಸಾಲವನ್ನು ಕಂಡು ಒಣಬೇಸಾಯದ ರೈತ ಹೆದರಿದರೆ ಅವನನ್ನು ಅಜ್ಞಾನಿಯೆನ್ನಲಾಗದು. ಮಳೆ ಬರಲಿ ಬಾರದಿರಲಿ ನಿಲ್ಲದ ಕಂತನ್ನು ಅವನು ನಮಗಿಂತ ಚೆನ್ನಾಗಿ ಬಲ್ಲ.

ಆ ದಿನ ನಾನು ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಆ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು. ಈ ದೊಡ್ಡ ಮನುಷ್ಯರು ಪುಣೆಗೆ ಹೊರಟಾಗ ಅವರ ತಾಯಿಯಿಂದ ಯಾರಾದರೂ ಸಹಿ ಮಾಡಿಸಿಕೊಂಡಿದ್ದರೇ ಎಂಬುದು ಆ ಪ್ರಶ್ನೆ. ನನಗೆ ಉತ್ತರ ತೋಚಲಿಲ್ಲ. ಸಾಲದ ಹೊರೆಯಲ್ಲಿದ್ದ ಮೈಸೂರು ಆ ತಾಯಿಗೆ ಹೊರಿಸದೆ ಉಳಿದುದನ್ನು ನಾವು ಇಂದು ಯಾರಿಗೆ ಹೊರಿಸುತ್ತಿದ್ದೇವೆಂಬುದು, ಇಷ್ಟು ಪುಸ್ತಕಗಳನ್ನು ಓದಿದ ನನಗೆ ಅದುವರೆಗೆ ಹೊಳೆದಿರಲಿಲ್ಲ.

ಅವರು ಸಹಿ ಹಾಕಿದರು. ನನ್ನ ಮಾತಿಗೆ ಒಪ್ಪಿ ಹಾಕಿದರೆಂದು ನಾನು ಭ್ರಮಿಸುವುದಿಲ್ಲ; ಮಗಳು ಕೈಯಲ್ಲಿ ಲೇಖನಿ ಹಿಡಿದು ಎದುರಿಗೆ ನಿಂತಿದ್ದಳು, ಅದನ್ನು ನೋಡಿ ಹಾಕಿದರು. ದೇವದುರ್ಗದ ಬಸ್ಸಿಗೆ ಹೊತ್ತಾಗಿತ್ತು. ಅವರಿಬ್ಬರೂ ಹೊರಟು ಹೋದ ಮೇಲೆ ನಾನು ಸ್ವಲ್ಪ ಹೊತ್ತು ಆ ಪಟದ ಮುಂದೆಯೇ ಕುಳಿತಿದ್ದೆ. ಹುಡುಗಿ ಈಗ ಮೊದಲನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಋಷಿಋಣವನ್ನು ಅವಳು ತೀರಿಸುವಳೆಂಬುದರಲ್ಲಿ ನನಗೆ ಸಂದೇಹವಿಲ್ಲ. ಉಳಿದ ಋಣಕ್ಕೆ ಅವಳ ಗಳಿಕೆಯನ್ನು ನೋಡಿ ಕಾಯುವ ಸೌಜನ್ಯ, 1881ರ ಬಡ ಮೈಸೂರಿಗೆ ಇದ್ದಷ್ಟಾದರೂ, ನಮ್ಮ ನಾಡಿಗೆ ಅಷ್ಟರೊಳಗೆ ಬರಲಿ.